ಎಣಿಸೋ ತನಕ ವೋಟು ನಮ್ಮದು, ಎಣಿಸಿದ ಮೇಲೆ?

ಪುಣೆಯ ನಮ್ಮ ಕನ್ನಡದವರ ಭಾನುವಾರದ ಕೂಟದಲ್ಲಿ ಮಾತಾಡಿದ್ದು ಇದು. ಬರಕ್ಕಾಗದೇ ಇದ್ದವರು ಬರೆದು ಕಳಿಸಿ ಅಂದ್ರು, ಅದಕ್ಕೆ ಬರೀತಿದೀನಿ. ಮಾತಾಡಿದ ಹಾಗೇ ಇಟ್ಟಿದೀನಿ, ಮಧ್ಯೆ ಜನ ಬಾಯಿ ಹಾಕಿದ್ದನ್ನೂ ತೆಗೆದಿಲ್ಲ.

ಎಲ್ರಿಗೂ ನಮಸ್ಕಾರ. ಮೊದಲೇ ಹೇಳ್ಬಿಡ್ತೀನಿ, ನಾನು ರಾಜ್ಯಶಾಸ್ತ್ರದ ಮೇಷ್ಟ್ರಲ್ಲ, ಬ್ಯಾಂಕಲ್ಲಿ ನೌಕರಿ ಮಾಡಿ ರಿಟೈರ್ ಆದೋನು. ಆದ್ರೆ ಎಲೆಕ್ಷನ್ ಬಂತು ಅಂದ್ರೆ ಬ್ಯಾಂಕಿನವರನ್ನ ಹಿಡಿದು ಮೈಕ್ರೋ ಅಬ್ಸರ್ವರ್ ಅಂತ ಎಣಿಕೆ ಟೇಬಲ್ ಪಕ್ಕ ಕೂರಿಸ್ತಾರಲ್ಲ, ಹಂಗೆ ಎಷ್ಟೋ ಸಲ ಕೂತು ಕೂತು ವೋಟು ಎಣಿಸೋ ವಿಷಯದಲ್ಲಿ ನಂಗೆ ಒಂಥರ ಹುಚ್ಚು ಹಿಡೀತು. ಯಾರು ಗೆದ್ರು ಅನ್ನೋದು ಎರಡು ದಿನದಲ್ಲಿ ಎಲ್ಲರಿಗೂ ಗೊತ್ತಾಗುತ್ತೆ, ಹೆಂಗೆ ಎಣಿಸಿದ್ದಕ್ಕೆ ಗೆದ್ರು ಅನ್ನೋದನ್ನ ಯಾರೂ ಕೇಳಲ್ಲ.

ಊರ ಲೆಕ್ಕದಿಂದ್ಲೇ ಶುರು ಮಾಡೋಣ. 2013ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್‌ಗೆ ಬಿದ್ದಿದ್ದು ಶೇಕಡಾ 36ರ ಆಸುಪಾಸು ವೋಟು, ಸೀಟು 122, ಆರಾಮಾಗಿ ಸರ್ಕಾರ. 2018ರಲ್ಲಿ ಬಿಜೆಪಿಗೆ ಬಿದ್ದಿದ್ದೂ ಅದೇ ಶೇಕಡಾ 36ರ ಆಸುಪಾಸು, ಸೀಟು 104, ಬಹುಮತಕ್ಕೆ ಸ್ವಲ್ಪ ಕಮ್ಮಿ. 2023ರಲ್ಲಿ ಅದೇ ಬಿಜೆಪಿಗೆ ಮತ್ತೆ ಅದೇ ಶೇಕಡಾ 36, ಸೀಟು ಮಾತ್ರ 66. ಒಂದೇ ವೋಟು, ಮೂರು ರೇಟು. ತರಕಾರಿ ಅಂಗಡಿಯೋನು ಹಿಂಗೆ ಮಾಡಿದ್ರೆ ನಾವು ಜಗಳ ಆಡ್ತಿದ್ವಿ. ಇನ್ನೊಂದು ನೋಡಿ, 2018ರಲ್ಲಿ ಕಾಂಗ್ರೆಸ್‌ಗೆ ಬಿಜೆಪಿಗಿಂತ ಜಾಸ್ತಿ ವೋಟು, ಶೇಕಡಾ 38, ಸೀಟು 78 ಮಾತ್ರ. ಯಾರೂ ಮೋಸ ಮಾಡಿಲ್ಲ, ಮೆಷಿನ್ ತಪ್ಪಿಲ್ಲ, ನಮ್ಮ ಎಣಿಸೋ ಕ್ರಮವೇ ಹಂಗೆ. ಒಂದು ಕ್ಷೇತ್ರ, ಒಂದು ಸೀಟು, ಎಲ್ಲರಿಗಿಂತ ಒಂದು ವೋಟು ಜಾಸ್ತಿ ತಗೊಂಡೋನು ಗೆದ್ದ, ಉಳಿದವರಿಗೆ ಹಾಕಿದ ವೋಟೆಲ್ಲ ನೀರಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಇದಕ್ಕೆ ಬದಲಿ ಅಂತ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಪ್ರಜಾಪ್ರಭುತ್ವಗಳು ಇಟ್ಕೊಂಡಿರೋದು ಅನುಪಾತ ಪ್ರಾತಿನಿಧ್ಯ. ಹೆಸರು ಉದ್ದ, ಪಿಆರ್ ಅಂತೀನಿ. ನೂರಕ್ಕೆ ಎಷ್ಟು ವೋಟೋ ಹೆಚ್ಚುಕಮ್ಮಿ ನೂರಕ್ಕೆ ಅಷ್ಟೇ ಸೀಟು, ಅಷ್ಟೇ ಮಾತು. 2018ರ ಕರ್ನಾಟಕವನ್ನೇ ಹಂಗೆ ಎಣಿಸಿದ್ರೆ ಕಾಂಗ್ರೆಸ್‌ಗೆ 85, ಬಿಜೆಪಿಗೆ 81, ಜೆಡಿಎಸ್‌ಗೆ 41ರ ಹತ್ರ ಬರ್ತಿತ್ತು. ನಿಯಮ ಬದಲಾದ್ರೆ ಜನ ವೋಟು ಹಾಕೋ ರೀತಿಯೂ ಬದಲಾಗುತ್ತೆ ಅನ್ನಿ, ಈ ಲೆಕ್ಕ ಬರೀ ಅಂದಾಜಿಗೆ.

ಅಷ್ಟು ಹೇಳೋ ಹೊತ್ತಿಗೆ ಮುಂದಿನ ಸಾಲಲ್ಲಿ ಕೂತಿದ್ದ ವಿಜಯಪುರದ ಹಿರಿಯರೊಬ್ರು, "ಅಲ್ರೀ, ಆವಾಗ್ಲೂ ಯಾರಿಗೂ ಮೆಜಾರಿಟಿ ಇಲ್ಲ, ಈವಾಗ್ಲೂ ಇಲ್ಲ, ಮತ್ತ ಕುಮಾರಸ್ವಾಮಿಯವ್ರೇ ಸಿಎಂ ಆಕ್ಕಿದ್ರು, ಏನ್ ಫರಕ್ ಆತು?" ಅಂದ್ರು. ಜನ ನಕ್ರು. ನಾನೂ ನಕ್ಕೆ, ಯಾಕಂದ್ರೆ ನಾನು ಒಂದು ಗಂಟೆ ಮಾತಾಡ್ಬೇಕು ಅಂತ ಬಂದಿದ್ದೇ ಈ ಪ್ರಶ್ನೆ ಮೇಲೆ, ಅವರು ಐದೇ ನಿಮಿಷದಲ್ಲಿ ಕೇಳ್ಬಿಟ್ರು.

ಪಿಆರ್ ಬೇಡ ಅನ್ನೋರ ಮುಖ್ಯ ವಾದ ಇದೇ. ಎಣಿಕೆ ನ್ಯಾಯವಾಗಿರುತ್ತೆ ಸರಿ, ಆದ್ರೆ ಯಾವ ಪಾರ್ಟಿಗೂ ಪೂರ್ತಿ ಬಹುಮತ ಬರಲ್ಲ, ಆಮೇಲೆ ಬಾಗಿಲು ಹಾಕ್ಕೊಂಡು ವ್ಯಾಪಾರ, ನೀನು ಹಾಕಿದ ವೋಟನ್ನ ನಿನ್ನ ಪಾರ್ಟಿ ಯಾರ ಮಡಿಲಿಗೆ ಹಾಕುತ್ತೋ ನಿಂಗೇ ಗೊತ್ತಿರಲ್ಲ, ಸಣ್ಣ ಪಾರ್ಟಿಯ ಬಾಲ ದೊಡ್ಡ ಪಾರ್ಟಿಯ ನಾಯೀನ ಅಲ್ಲಾಡಿಸುತ್ತೆ. ಈ ವಾದದಲ್ಲಿ ಸತ್ಯ ಇದೆ. ಪಿಆರ್ ಪರ ಮಾತಾಡೋರು ಇದನ್ನ ಮುಚ್ಚಿಡ್ತಾರೆ, ಅದು ನಂಗೆ ಹಿಡಿಸಲ್ಲ, ಮುಚ್ಚಿಡೋ ಅಗತ್ಯವೂ ಇಲ್ಲ.

ನಮ್ಮ ಹೌಸಿಂಗ್ ಸೊಸೈಟಿ ಕಮಿಟಿ ಕಥೆ ಹೇಳ್ತೀನಿ. ಹನ್ನೊಂದು ಜನ. ಎ ವಿಂಗ್‌ನವರು ಐದು, ಬಿ ವಿಂಗ್‌ನವರು ಐದು, ಸಣ್ಣ ವಿಂಗ್ ಸಿ, ಅಲ್ಲಿಂದ ಒಬ್ರೇ ಒಬ್ರು ಕಾಕಾ. ಎ ಮತ್ತು ಬಿಗೆ ಪಾರ್ಕಿಂಗ್ ವಿಷಯದಲ್ಲಿ ಮಾತೇ ಇಲ್ಲ. ಎರಡು ವರ್ಷ ಏನಾಯ್ತು ಅಂದ್ರೆ ಮೊದಲು ಬಣ್ಣ ಕಂಡಿದ್ದು ಸಿ ವಿಂಗ್, ಮೊದಲು ಲಿಫ್ಟ್ ರಿಪೇರಿ ಆಗಿದ್ದು ಸಿ ವಿಂಗ್, ಕಾಕಾಗೆ ಎರಡು ಪಾರ್ಕಿಂಗ್, ಅವ್ರ ಹತ್ರ ಇದ್ದಿದ್ದು ಒಂದು ಸ್ಕೂಟರ್. ಐದು ಸೀಟಿಗೂ ಒಂದು ಸೀಟಿಗೂ ಒಂದೇ ಬೆಲೆ, ಯಾಕಂದ್ರೆ ಯಾರಿಬ್ಬರು ಸೇರಿದ್ರೂ ಬಹುಮತ ಆಗುತ್ತೆ. ನಿಮ್ಮ ಹತ್ರ ಎಷ್ಟು ಸೀಟಿದೆ ಅನ್ನೋದಲ್ಲ, ನೀವು ಎಷ್ಟು ಕಡೆ ಹೋಗಬಹುದು ಅನ್ನೋದೇ ರೇಟು. ಎರಡೂ ಕಡೆ ಬಾಗಿಲು ತೆಗೆದಿಟ್ಟವನಿಗೆ ಜಾಸ್ತಿ ರೇಟು.

ನ್ಯೂಜಿಲ್ಯಾಂಡಲ್ಲಿ ಇದೇ ಆಗಿದ್ದು. ಅಲ್ಲಿಯೂ ಮೊದಲು ನಮ್ಮ ಥರದ ಎಣಿಕೆನೇ. 1978ರಲ್ಲಿ, ಮತ್ತೆ 1981ರಲ್ಲಿ, ಎರಡೂ ಸಲ ಲೇಬರ್ ಪಾರ್ಟಿಗೆ ಜಾಸ್ತಿ ವೋಟು, ಸರ್ಕಾರ ಮಾತ್ರ ನ್ಯಾಷನಲ್ ಪಾರ್ಟಿದು. 1981ರಲ್ಲಿ ಸೋಷಿಯಲ್ ಕ್ರೆಡಿಟ್ ಅನ್ನೋ ಮೂರನೇ ಪಾರ್ಟಿಗೆ ಶೇಕಡಾ 20 ದಾಟಿ ವೋಟು ಬಿತ್ತು, ಸೀಟು ಎರಡು. ಜನಕ್ಕೆ ರೋಸಿಹೋಯ್ತು. 1992ರಲ್ಲಿ ಒಂದು, 1993ರಲ್ಲಿ ಒಂದು, ಎರಡು ಜನಮತಗಣನೆ ಮಾಡಿ ಪದ್ಧತಿಯನ್ನೇ ಬದಲಾಯಿಸಿದ್ರು, ಒಂದು ವೋಟು ನಿಮ್ಮ ಏರಿಯಾದ ಕ್ಯಾಂಡಿಡೇಟ್‌ಗೆ, ಇನ್ನೊಂದು ಪಾರ್ಟಿಗೆ, ಪಾರ್ಟಿ ವೋಟಿನ ಪ್ರಮಾಣಕ್ಕೆ ಸರಿಯಾಗಿ ಒಟ್ಟು ಸೀಟು. ಹೊಸ ಪದ್ಧತಿಯ ಮೊದಲ ಎಲೆಕ್ಷನ್ 1996ರ ಅಕ್ಟೋಬರಲ್ಲಿ. ವಿನ್‌ಸ್ಟನ್ ಪೀಟರ್ಸ್ ಅಂತ ಒಬ್ಬ ಮಾತಿನ ಮಲ್ಲ, ನ್ಯೂಜಿಲ್ಯಾಂಡ್ ಫಸ್ಟ್ ಪಾರ್ಟಿ, ಪ್ರಚಾರದುದ್ದಕ್ಕೂ ಆಡಳಿತದಲ್ಲಿದ್ದ ನ್ಯಾಷನಲ್ ಪಾರ್ಟಿಯನ್ನ ಝಾಡಿಸಿದ, ಆ ಸರ್ಕಾರ ಇಳಿಸಕ್ಕೆ ಅಂತ್ಲೇ ಎಷ್ಟೋ ಜನ ಅವನಿಗೆ ವೋಟು ಹಾಕಿದ್ರು. 120ರಲ್ಲಿ 17 ಸೀಟು ಬಂತು, ಸರ್ಕಾರದ ಕೀಲಿಕೈ ಕೈಗೆ ಬಂತು. ಸುಮಾರು ಎರಡು ತಿಂಗಳು ಎರಡೂ ಕಡೆ ಮಾತಾಡಿದ, ಕೊನೆಗೆ ಅದೇ ನ್ಯಾಷನಲ್ ಜೊತೆ ಹೋಗಿ ಡೆಪ್ಯುಟಿ ಪ್ರಧಾನಿ ಆಗಿ ಕೂತ, ಖಜಾನೆಯ ಖಾತೆಯೂ ಅವನಿಗೇ. ವೋಟು ಹಾಕಿದವರ ಮುಖ ಹೆಂಗಾಗಿರ್ಬೇಕು.

ಕಥೆ ಅಲ್ಲಿಗೆ ನಿಲ್ಲಿಸಿದ್ರೆ ಪಿಆರ್ ಬೇಡ ಅನ್ನೋರು ಗೆದ್ರು. ಆದ್ರೆ 1999ರಲ್ಲಿ ಏನಾಯ್ತು? ಪೀಟರ್ಸ್ ಪಾರ್ಟಿ ಶೇಕಡಾ 5ರ ಕೆಳಗೆ ಬಿತ್ತು. ಅಲ್ಲಿ ನಿಯಮ ಏನಂದ್ರೆ ಶೇಕಡಾ 5 ಇಲ್ಲದಿದ್ರೆ ಕನಿಷ್ಠ ಒಂದು ಕ್ಷೇತ್ರ ಗೆಲ್ಲಬೇಕು, ಅವನು ತನ್ನ ಟೌರಂಗಾ ಕ್ಷೇತ್ರ ಉಳಿಸ್ಕೊಂಡಿದ್ದು ಬರೀ 63 ವೋಟಲ್ಲಿ, ಅದರಿಂದ ಪಾರ್ಟಿಗೆ 5 ಸೀಟಾದ್ರೂ ಸಿಕ್ತು, 17 ಇದ್ದಿದ್ದು 5. ಸಣ್ಣ ಪಾರ್ಟಿಗೆ ಬಲ ಜಾಸ್ತಿ ಇರೋದೂ ನಿಜ, ಅದು ಕತ್ತಿಯ ಅಂಚಲ್ಲಿ ನಿಂತಿರೋದೂ ನಿಜ. ಅಲ್ಲಿ ದೇಶದಲ್ಲಿ ಬಿದ್ದ ಪ್ರತಿ ನೂರು ವೋಟಲ್ಲಿ ಎರಡು ಮೂರು ಆಚೀಚೆ ಆದ್ರೂ ಸಣ್ಣ ಪಾರ್ಟಿಯವರು ಮನೆಗೆ ಹೋಗ್ತಾರೆ. ಆಸಾಮಿ ಗಟ್ಟಿ ಅನ್ನಿ, 2017ರಲ್ಲಿ ಮತ್ತೆ 9 ಸೀಟು ಹಿಡ್ಕೊಂಡು ಬಂದು ಈ ಸಲ ಲೇಬರ್ ಕಡೆ ಹೋಗಿ ಜೆಸಿಂಡಾ ಆರ್ಡರ್ನ್ ಅವರನ್ನ ಪ್ರಧಾನಿ ಮಾಡ್ದ, 2020ರಲ್ಲಿ ಪಾರ್ಟಿ ಪೂರ್ತಿ ಹೊರಗೆ, 2023ರಲ್ಲಿ ಮತ್ತೆ ಸರ್ಕಾರದಲ್ಲಿ! ಇದರ ಮಧ್ಯೆ, 1996ರದ್ದೆಲ್ಲ ನೋಡಿದ ಆ ಜನಕ್ಕೆ 2011ರಲ್ಲಿ ಈ ಹೊಸ ಪದ್ಧತಿ ಬದಲಾಯಿಸೋಣವಾ ಅಂತ ಕೇಳಿದ್ರು, ಅರ್ಧಕ್ಕಿಂತ ಜಾಸ್ತಿ ಜನ ಬೇಡ ಅಂದ್ರು. ನಂಗೆ ಅದು ಮುಖ್ಯ ಅನ್ಸುತ್ತೆ, ಕೆಟ್ಟ ಅನುಭವ ಆದಮೇಲೂ ಬೇಡ ಅಂದಿದ್ದು.

ಜರ್ಮನಿಯದ್ದು ಇನ್ನೊಂದು ಥರ. 1980ರಲ್ಲಿ ಎಫ್‌ಡಿಪಿ ಅನ್ನೋ ಸಣ್ಣ ಪಾರ್ಟಿ ಆಗಿನ ಚಾನ್ಸಲರ್, ಅಂದ್ರೆ ಅಲ್ಲಿನ ಪ್ರಧಾನಿ, ಹೆಲ್ಮುಟ್ ಷ್ಮಿಟ್ ಜೊತೆ ಇರ್ತೀವಿ ಅಂತ ಹೇಳಿ ಶೇಕಡಾ 10.6 ವೋಟು ತಗೊಂಡ್ತು, 1982ರ ಅಕ್ಟೋಬರಲ್ಲಿ ನಡುದಾರಿಯಲ್ಲಿ ಕೈಕೊಟ್ಟು ಎದುರು ಪಾಳಯದ ಹೆಲ್ಮುಟ್ ಕೋಲ್ ಕಡೆ ಹಾರಿತು. ಆದ್ರೆ ಅಲ್ಲಿ ಒಂದು ಒಳ್ಳೇ ಕಟ್ಟುಪಾಡಿದೆ. ಇರೋ ಚಾನ್ಸಲರ್‌ನ ಇಳಿಸಬೇಕು ಅಂದ್ರೆ ಅದೇ ವೋಟಲ್ಲಿ ಮುಂದಿನವರು ಯಾರು ಅಂತ ಹೆಸರು ಹೇಳಿ ಗೆಲ್ಲಿಸಬೇಕು. ಬರೀ ಬೀಳಿಸಿ ಮಜಾ ನೋಡಕ್ಕಾಗಲ್ಲ. ಈ ದಾರಿಯಲ್ಲಿ ಚಾನ್ಸಲರ್ ಇಳಿದಿದ್ದು ಇವತ್ತಿನ ತನಕ ಆ ಒಂದೇ ಸಲ. ಐದೇ ತಿಂಗಳಿಗೆ 1983ರ ಮಾರ್ಚಲ್ಲಿ ಎಲೆಕ್ಷನ್ ಮಾಡಿದ್ರು, ಎಫ್‌ಡಿಪಿ ಶೇಕಡಾ 7ಕ್ಕೆ ಇಳೀತು. ಸಿಟ್ಟು ತೀರಿಸ್ಕೊಳ್ಳಕ್ಕೆ ಜನಕ್ಕೆ ಬೇಗ ಅವಕಾಶ ಸಿಕ್ತು, ಅದೇ ನೋಡಿ.

ಬೆಲ್ಜಿಯಂನೂ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಒಬ್ಬರಾದ್ರೂ ಕೇಳ್ತಾರೆ. ಅಲ್ಲೂ ಪಿಆರೇ, 2010ರ ಎಲೆಕ್ಷನ್ ಆದಮೇಲೆ 541 ದಿನ ಸರ್ಕಾರ ಆಗಲಿಲ್ಲ. ಹೌದು, ಒಂದೂವರೆ ವರ್ಷ.

ಈಗ ನಮ್ಮ ಅಂಗಳಕ್ಕೆ ಬನ್ನಿ. ಪಿಆರ್ ಬಂದ್ರೆ ಎಲೆಕ್ಷನ್ ಆದಮೇಲೆ ವ್ಯಾಪಾರ ಆಗುತ್ತೆ ಅಂತಾರಲ್ಲ, ಪಿಆರ್ ಇಲ್ಲದೇ ನಮ್ಮಲ್ಲಿ ಏನೇನಾಗಿದೆ? ವಾಸ್ಕೋದಲ್ಲಿ ನನ್ನ ಷಡ್ಡಕ ಇದಾರೆ, ನಲವತ್ತು ವರ್ಷದಿಂದ ಅಲ್ಲೇ. 2017ರಲ್ಲಿ ಗೋವಾದ 40 ಸೀಟಲ್ಲಿ ಕಾಂಗ್ರೆಸ್‌ಗೆ 17, ಬಿಜೆಪಿಗೆ 13. ತಮಾಷೆ ಏನಂದ್ರೆ ವೋಟು ಜಾಸ್ತಿ ಬಿದ್ದಿದ್ದು ಬಿಜೆಪಿಗೆ, ಸೀಟು ಜಾಸ್ತಿ ಕಾಂಗ್ರೆಸ್‌ಗೆ. ಗೋವಾ ಫಾರ್ವರ್ಡ್ ಅಂತ ಹೊಸ ಪಾರ್ಟಿ, ಬಿಜೆಪಿ ವಿರುದ್ಧ ಪ್ರಚಾರ ಮಾಡಿ 3 ಸೀಟು ಗೆದ್ದಿತ್ತು. ಮೂರೇ ದಿನದಲ್ಲಿ ಮನೋಹರ್ ಪರಿಕ್ಕರ್ ಪ್ರಮಾಣವಚನ ತಗೊಂಡ್ರು, ಗೋವಾ ಫಾರ್ವರ್ಡ್‌ನ ಮೂರಕ್ಕೆ ಮೂರೂ ಜನ ಮಂತ್ರಿಗಳು. ಆಮೇಲೆ 2019ರಲ್ಲಿ ಕಾಂಗ್ರೆಸ್‌ನ 10 ಜನ ಬಿಜೆಪಿಗೆ. ಸರಿ, 2022ರಲ್ಲಿ ಕಾಂಗ್ರೆಸ್‌ನವರು ಕ್ಯಾಂಡಿಡೇಟ್‌ಗಳನ್ನ ದೇವಸ್ಥಾನ, ಚರ್ಚು, ದರ್ಗಾ ಮೂರೂ ಕಡೆ ಕರ್ಕೊಂಡು ಹೋಗಿ ಪಾರ್ಟಿ ಬಿಡಲ್ಲ ಅಂತ ಆಣೆ ಮಾಡಿಸಿದ್ರು. 11 ಜನ ಗೆದ್ರು, ಅದೇ ವರ್ಷ ಸೆಪ್ಟೆಂಬರಲ್ಲಿ 8 ಜನ ಹೋದ್ರು. ಷಡ್ಡಕರು ಫೋನಲ್ಲಿ ಹೇಳಿದ್ದು, "ನಂಗೆ ಸರ್ಕಾರ ಯಾರದ್ದು ಅಂತ ಕೇಳ್ಬೇಡಿ, ಇವತ್ತು ಪೇಪರ್ ಇನ್ನೂ ಓದಿಲ್ಲ."

ಮಹಾರಾಷ್ಟ್ರದ್ದು ನಿಮಗೆ ಹೇಳ್ಬೇಕಾ. 2019ರಲ್ಲಿ ಬಿಜೆಪಿ 105, ಶಿವಸೇನೆ 56, ಇಬ್ಬರೂ ಯುತಿ ಅಂತ ಒಟ್ಟಿಗೆ ನಿಂತು ವೋಟು ಕೇಳಿದವರು, ಬಹುಮತವೂ ಬಂತು. ಮುಖ್ಯಮಂತ್ರಿ ಕುರ್ಚಿಗೆ ಮುರೀತು. ನವೆಂಬರ್ 23ರ ಬೆಳಗಿನ ಜಾವ ನಾವು ಹಲ್ಲುಜ್ಜೋ ಹೊತ್ತಿಗೆ ಬಿಜೆಪಿಯ ಫಡ್ನವೀಸ್ ಮತ್ತು ಎನ್‌ಸಿಪಿಯ ಅಜಿತ್ ಪವಾರ್ ಪ್ರಮಾಣವಚನ ಮುಗಿದಿತ್ತು, ಅದು ಮೂರು ಚಿಲ್ಲರೆ ದಿನ ನಡೀತು, 28ಕ್ಕೆ ಉದ್ಧವ್ ಠಾಕ್ರೆ. ಸೇನೆಗೆ ವೋಟು ಹಾಕಿದವನು ಕಾಂಗ್ರೆಸ್ ಜೊತೆಗಿನ ಸರ್ಕಾರ ಕಂಡ, 2022ರ ಜೂನಲ್ಲಿ ಸೇನೆಯೇ ಎರಡಾಯ್ತು, 2023ರ ಜುಲೈಲಿ ಎನ್‌ಸಿಪಿ ಎರಡಾಯ್ತು, ಅಂತೂ ಒಂದೇ ಎಲೆಕ್ಷನ್‌ನ ವೋಟಲ್ಲಿ ಐದು ವರ್ಷಕ್ಕೆ ಮೂರು ಮುಖ್ಯಮಂತ್ರಿಗಳು, ನಾಲ್ಕೂ ದೊಡ್ಡ ಪಾರ್ಟಿಗೂ ಒಂದೊಂದು ಸರದಿ ಅಧಿಕಾರ. ಕರ್ನಾಟಕದವರು ನಾವೇನು ಕಮ್ಮಿ, 2019ರ ಜುಲೈಲಿ ನಮ್ಮ ಎಂಎಲ್‌ಎಗಳು ಪೊವಾಯಿಯ ಹೋಟೆಲಲ್ಲಿ ಕೂತಿದ್ರು, ಡಿ.ಕೆ. ಶಿವಕುಮಾರ್ ಹೊರಗೆ ಗೇಟ್ ಹತ್ರ ನಿಂತಿದ್ರು, ಪೊಲೀಸರು ಒಳಗೆ ಬಿಡಲಿಲ್ಲ. ಮುಂಬೈಲಿರೋ ನಮ್ಮ ಹುಡುಗರು ಆ ಹೋಟೆಲ್ ಎದುರಿಗೆ ಹೋಗಿ ಸೆಲ್ಫಿ ತಗೊಂಡು ಕಳಿಸಿದ್ರು.

ಹಂಗಾಗಿ ವಿಜಯಪುರದ ಹಿರಿಯರಿಗೆ ನಾನು ಹೇಳಿದ್ದು ಇಷ್ಟು. ವ್ಯಾಪಾರ ಎಲ್ಲ ಪದ್ಧತಿಯಲ್ಲೂ ನಡಿಯುತ್ತೆ. ಪಿಆರ್‌ನಲ್ಲಿ ಪಾರ್ಟಿ ಪಾರ್ಟಿ ನಡುವೆ, ಹೆಸರು ಬೋರ್ಡು ಹಾಕ್ಕೊಂಡು ನಡಿಯುತ್ತೆ. ನಮ್ಮಲ್ಲಿ ಪಾರ್ಟಿ ಒಳಗೆ, ರಿಸಾರ್ಟ್ ಒಳಗೆ, ತಲೆಗೊಂದು ರೇಟಲ್ಲಿ ನಡಿಯುತ್ತೆ. ನ್ಯೂಜಿಲ್ಯಾಂಡಲ್ಲಿ ಯಾರ ಜೊತೆ ಏನು ಒಪ್ಪಂದ ಅಂತ ಕಾಗದದ ಮೇಲೆ ಬರೆದು ಜನರ ಮುಂದೆ ಇಡ್ತಾರೆ. ನಮ್ಮಲ್ಲಿ 2019ರಲ್ಲಿ ಆ ಬಿಜೆಪಿ-ಸೇನೆ ಯುತಿಯೊಳಗೆ ಮುಖ್ಯಮಂತ್ರಿ ಕುರ್ಚಿ ಎರಡೂವರೆ ವರ್ಷ ನಿಮಗೆ ಎರಡೂವರೆ ವರ್ಷ ನಮಗೆ ಅಂತ ಮಾತಾಗಿತ್ತೋ ಇಲ್ವೋ ಅಂತ ಒಬ್ರು ಹೌದು ಅಂದ್ರು ಇನ್ನೊಬ್ರು ಇಲ್ಲ ಅಂದ್ರು, ಕಾಗದ ಯಾರೂ ತೋರಿಸಿಲ್ಲ. ನಮ್ಮ ಪಕ್ಷಾಂತರ ಕಾಯ್ದೆ 1985ರಿಂದ ಇದೆ, ಅದು ಒಬ್ಬ ಎಂಎಲ್‌ಎ ಹಾರಿದ್ರೆ ಹಿಡಿಯುತ್ತೆ, ಮೂರರಲ್ಲಿ ಎರಡು ಪಾಲು ಜನ ಸೇರಿ ವಿಲೀನ ಅಂದ್ರೆ ಬಿಡುತ್ತೆ, ಎಲೆಕ್ಷನ್‌ಗೆ ಮುಂಚೆ ಮಾಡಿದ ಯುತಿಯೇ ಮುರಿದ್ರೆ ಅದಕ್ಕೆ ಅದು ಕಣ್ಣೆತ್ತಿಯೂ ನೋಡಲ್ಲ.

ಮತದಾರನ ಶಕ್ತಿ ಅಂದ್ರೆ ನನ್ನ ಪ್ರಕಾರ ಎರಡು ವಿಷಯ. ನನ್ನ ವೋಟು ಎಲ್ಲಿಗೆ ಹೋಗುತ್ತೆ ಅಂತ ಹಾಕೋಕೆ ಮುಂಚೆ ತಕ್ಕಮಟ್ಟಿಗೆ ಗೊತ್ತಿರ್ಬೇಕು. ಬೇರೆ ಕಡೆ ಹೋದ್ರೆ ಮುಂದಿನ ಸಲ ಹೋದವನನ್ನ ಕರೆಕ್ಟಾಗಿ ಹಿಡಿದು ಹೊಡೆಯೋಕೆ ಆಗ್ಬೇಕು, ಅವನ ಜೊತೆ ಒಳ್ಳೆಯವನನ್ನೂ ಹೊಡೆಯೋ ಹಾಗೆ ಆಗ್ಬಾರ್ದು. ಬರೀ ಸಮಪ್ರಮಾಣದ ಎಣಿಕೆಯಿಂದ ಇವೆರಡೂ ತಾನಾಗೇ ಬರಲ್ಲ. ಯಾವ ಥರದ ಪಿಆರ್ ಅನ್ನೋದ್ರ ಮೇಲೆ ಇದೆ.

ಪಾರ್ಟಿ ಪಟ್ಟಿ ಕೊಡುತ್ತೆ, ನೀವು ಪಾರ್ಟಿಗೆ ಹಾಕಿ, ಪಟ್ಟಿಯ ಮೇಲಿಂದ ಇಷ್ಟು ಜನ ಆರಿಸಿ ಬರ್ತಾರೆ ಅನ್ನೋ ಪದ್ಧತಿ ಇದೆ, ಇಸ್ರೇಲಲ್ಲಿ ಇಡೀ ದೇಶಕ್ಕೆ ಹಂಗೇ, 120 ಸೀಟು. ನಮ್ಮ ದೇಶಕ್ಕೆ ಇದು ತಂದ್ರೆ ದೇವರೇ ಗತಿ. ಇಲ್ಲಿ ಕಾರ್ಪೊರೇಷನ್ ಎಲೆಕ್ಷನ್‌ಗೆ ಎಬಿ ಫಾರ್ಮ್‌ಗೆ, ಅಂದ್ರೆ ಪಾರ್ಟಿ ಟಿಕೆಟ್ ಕಾಗದಕ್ಕೆ, ಕಡೇ ದಿನ ನಡೆಯೋ ಓಟ ಎಲ್ಲಾ ನೋಡಿದೀರಿ, ಇನ್ನು ಪಟ್ಟಿಯಲ್ಲಿ ಮೂರನೇ ನಂಬರೋ ಹದಿಮೂರನೇ ನಂಬರೋ ಅಂತ ಹೈಕಮಾಂಡ್ ಬರೆಯೋ ಹಾಗಾದ್ರೆ! 1999ರಲ್ಲಿ ಲಾ ಕಮಿಷನ್ ತನ್ನ 170ನೇ ವರದಿಯಲ್ಲಿ ಈಗಿರೋ ಸೀಟು ಹಂಗೇ ಇಟ್ಟು ಮೇಲೆ ಇನ್ನೊಂದು ಕಾಲು ಭಾಗ ಪಟ್ಟಿಯಿಂದ ತುಂಬಿ ಅಂತ ಸಲಹೆ ಕೊಟ್ಟಿತ್ತು. ಅದು ಕಪಾಟಲ್ಲೇ ಇದೆ.

ನಂಗೆ ಇಷ್ಟ ಇರೋದು ನಂಬರ್ ಹಾಕೋ ಪದ್ಧತಿ, ಐರ್ಲೆಂಡಲ್ಲಿ ಇರೋದು. ಒಂದು ಕ್ಷೇತ್ರಕ್ಕೆ ಮೂರರಿಂದ ಐದು ಸೀಟು, ನೀವು 1, 2, 3 ಅಂತ ಇಷ್ಟದ ಕ್ರಮದಲ್ಲಿ ನಂಬರ್ ಹಾಕ್ತೀರಿ. ನಿಮ್ಮ 1ನೇಯವನಿಗೆ ಗೆಲ್ಲೋಕೆ ಬೇಕಾಗಿದ್ದಕ್ಕಿಂತ ವೋಟು ಮಿಕ್ಕಿದ್ರೆ, ಇಲ್ಲಾ ಅವನು ಔಟ್ ಆದ್ರೆ, ವೋಟು 2ನೇಯವನಿಗೆ ಹೋಗುತ್ತೆ. ಇದು ನಮಗೆ ಹೊಸದಲ್ಲ. ಇಲ್ಲಿ ಕೂತವರಲ್ಲಿ ಡಿಗ್ರಿ ಆಗಿರೋರು ಪುಣೆ ಪದವೀಧರ ಕ್ಷೇತ್ರಕ್ಕೆ ವೋಟು ಹಾಕಿರ್ತೀರಿ, ಅಲ್ಲಿ ಸೀಟು ಒಂದೇ ಆದ್ರೂ ಹಾಕೋ ಕ್ರಮ ಇದೇ, ಬೂತಲ್ಲಿ ಅವರೇ ಕೊಡೋ ನೇರಳೆ ಬಣ್ಣದ ಸ್ಕೆಚ್ ಪೆನ್ನಲ್ಲಿ ಅಂಕಿ ಬರೀಬೇಕು, ಟಿಕ್ ಹಾಕಿದ್ರೆ ವೋಟು ಕ್ಯಾನ್ಸಲ್. ನಾನು ಎಣಿಕೆಗೆ ಕೂತಾಗ ನೋಡಿದೀನಿ, ಡಬಲ್ ಡಿಗ್ರಿ ಆದೋರು ಟಿಕ್ ಹಾಕಿರ್ತಾರೆ, ಒಬ್ರು "ಬೆಸ್ಟ್ ಆಫ್ ಲಕ್" ಅಂತ ಬರೆದಿದ್ರು.

ಸಂವಿಧಾನ ಸಭೆಯಲ್ಲಿ ಪಿಆರ್ ಬೇಕು ಅಂತ ಕೆಲವರು ಕೇಳಿದಾಗ ಅಂಬೇಡ್ಕರ್ ಬೇಡ ಅಂದಿದ್ದಕ್ಕೆ ಕಾರಣ ಎರಡು, ಒಂದು ನಮ್ಮ ಜನರ ಅಕ್ಷರ ಜ್ಞಾನ, ಇನ್ನೊಂದು ಸರ್ಕಾರದ ಸ್ಥಿರತೆ. ಆ ಕಾಲಕ್ಕೆ ಎರಡೂ ಸರಿಯಾದ ಭಯವೇ. ಹಂಗಂತ ಅವರು ಎಣಿಸೋ ಪದ್ಧತಿಯ ಮಹತ್ವ ಗೊತ್ತಿಲ್ಲದವರಲ್ಲ, ಈ ದೇಶದಲ್ಲಿ ಚುನಾವಣಾ ಪದ್ಧತಿ ಬಗ್ಗೆ ನಡೆದ ಅತಿ ದೊಡ್ಡ ಜಗಳ ನಮ್ಮ ಇದೇ ಪುಣೆಯ ಯರವಡಾ ಜೈಲಲ್ಲಿ 1932ರ ಸೆಪ್ಟೆಂಬರಲ್ಲಿ ನಡೀತು, ಒಂದು ಕಡೆ ಉಪವಾಸ ಕೂತ ಗಾಂಧೀಜಿ, ಇನ್ನೊಂದು ಕಡೆ ಅಂಬೇಡ್ಕರ್. ಯಾರ ವೋಟಿಂದ ಯಾರು ಆರಿಸಿ ಬರ್ಬೇಕು ಅನ್ನೋದೇ ಅಲ್ಲಿದ್ದ ಪ್ರಶ್ನೆ. ಕೊನೆಗೆ ಸಂವಿಧಾನದಲ್ಲಿ ಜನಸಾಮಾನ್ಯರ ವೋಟಿಗೆ ನಂಬರ್ ಪದ್ಧತಿ ಬರಲಿಲ್ಲ, ರಾಜ್ಯಸಭೆಗೆ ಬಂತು. ಎಂಎಲ್‌ಎಗಳು ನಂಬರ್ ಹಾಕ್ತಾರೆ, ನಾವು ಬಟನ್ ಒತ್ತುತೀವಿ.

ಆ ನಂಬರಿನ ಕೆಲಸ ನೋಡ್ಬೇಕಂದ್ರೆ 2022ರ ಜೂನ್ 10 ನೆನಪು ಮಾಡ್ಕೊಳ್ಳಿ. ಮಹಾರಾಷ್ಟ್ರದಿಂದ ರಾಜ್ಯಸಭೆಗೆ ಆರು ಸೀಟು, ಏಳು ಜನ ಕಣದಲ್ಲಿ, ಗೆಲ್ಲೋಕೆ ಸುಮಾರು 41 ಎಂಎಲ್‌ಎ ವೋಟು ಬೇಕು. ಬಿಜೆಪಿಯ ಮೂರನೇ ಕ್ಯಾಂಡಿಡೇಟ್ ಕೊಲ್ಹಾಪುರದ ಧನಂಜಯ ಮಹಾಡಿಕ್, ಶಿವಸೇನೆಯ ಎರಡನೇ ಕ್ಯಾಂಡಿಡೇಟ್ ಸಂಜಯ್ ಪವಾರ್. ಮೊದಲ ನಂಬರಲ್ಲಿ ಪವಾರ್ ಮುಂದೆ. ಆದ್ರೆ ಬಿಜೆಪಿಯ ಮೊದಲ ಇಬ್ಬರಿಗೆ ತಲಾ 48 ಹಾಕಿಸಿದ್ರು, ಬೇಕಾಗಿದ್ದಕ್ಕಿಂತ ಮಿಕ್ಕಿದ್ದು ಎರಡನೇ ನಂಬರ್ ಪ್ರಕಾರ ಮಹಾಡಿಕ್‌ಗೆ ಹರಿದು ಬಂತು, ಗೆದ್ದುಬಿಟ್ರು. ಹತ್ತು ದಿನಕ್ಕೆ ವಿಧಾನ ಪರಿಷತ್ ಎಲೆಕ್ಷನ್, ಅದೇ ನಂಬರ್ ಪದ್ಧತಿ, ಅಲ್ಲಿ ಗುಪ್ತ ಮತದಾನ ಬೇರೆ, ಉದ್ಧವ್ ಸರ್ಕಾರದ ಮೈತ್ರಿಕೂಟ ಆಘಾಡಿಯ ಬಿರುಕು ಪೂರ್ತಿ ಬಾಯಿಬಿಟ್ಟಿತು, ಅವತ್ತು ರಾತ್ರಿಯೇ ಸೇನೆ ಒಡೆದ ಶಿಂಧೆಯವರು ಸೂರತ್ ದಾರಿ ಹಿಡಿದ್ರು. ಮಿಕ್ಕ ವೋಟು ವ್ಯರ್ಥ ಆಗಲ್ಲ ಅನ್ನೋದೇ ಈ ಪದ್ಧತಿಯ ಗುಟ್ಟು, ಎಂಎಲ್‌ಎಗಳಿಗೆ ಅದು ಚೆನ್ನಾಗಿ ಗೊತ್ತು.

ಈಗ ನಮ್ಮ ಪ್ರಭಾಗ, ಅಂದ್ರೆ ಕಾರ್ಪೊರೇಷನ್ ವಾರ್ಡು. ನಂಗೆ ಸಿಟ್ಟು ಬರೋದು ಇಲ್ಲೇ. ಪುಣೆ ಕಾರ್ಪೊರೇಷನ್‌ನಲ್ಲಿ 2002ರಲ್ಲಿ ಮೂರು ಸೀಟಿನ ಪ್ರಭಾಗ, 2007ರಲ್ಲಿ ಒಂದು ಸೀಟು, 2012ರಲ್ಲಿ ಎರಡು, 2017ರಲ್ಲಿ ನಾಲ್ಕು. ಆಘಾಡಿ ಸರ್ಕಾರ ಮೂರು ಮಾಡ್ತು, ಶಿಂಧೆ ಸರ್ಕಾರ ವಾಪಸ್ ನಾಲ್ಕು ಮಾಡ್ತು. ಯಾರ ಕೈಲಿ ಮಂತ್ರಾಲಯ, ಅಂದ್ರೆ ಮುಂಬೈಯ ರಾಜ್ಯ ಸರ್ಕಾರದ ಕಚೇರಿ, ಇದೆಯೋ ಅವರಿಗೆ ಯಾವುದು ಲಾಭವೋ ಅದು. ಮುಂಬೈಲಿ ಮಾತ್ರ 227 ವಾರ್ಡು, ಒಂದಕ್ಕೊಬ್ರು. ಸರಿ, ನಾಲ್ಕು ಸೀಟಿನ ಪ್ರಭಾಗ ಇದೆ, ಅಂದ್ರೆ ಪಿಆರ್‌ಗೆ ಬೇಕಾದ ಪಾತ್ರೆ ರೆಡಿ ಇದೆ. ಆದ್ರೆ ವೋಟು ಹೆಂಗೆ? ಅ ಬ ಕ ಡ ಅಂತ ನಾಲ್ಕೂ ಸೀಟಿಗೆ ಬೇರೆ ಬೇರೆ ಬಟನ್, ಪ್ರತಿ ಸೀಟಿಗೂ ಒಂದೊಂದು ಓಟದ ಪಂದ್ಯ. ಪ್ರಭಾಗದಲ್ಲಿ ನೂರಕ್ಕೆ 40 ಜನ ಒಂದು ಪಾರ್ಟಿಯವರಿದ್ದು ಉಳಿದವರು ಹಂಚಿಹೋದ್ರೆ ನಾಲ್ಕಕ್ಕೆ ನಾಲ್ಕೂ ಆ ಪಾರ್ಟಿಗೆ. ಪ್ಯಾನೆಲ್ ಪ್ಯಾನೆಲ್ ಅಂತ ಪ್ರಚಾರ ಮಾಡೋದು ಸುಮ್ನೆ ಅಲ್ಲ. ಒಂದು ಸೀಟಿನ ವಾರ್ಡಿಗಿಂತ ಇದು ಇನ್ನೂ ಕೆಟ್ಟದ್ದು, ಒಬ್ಬನೇ ಓಡಾಡಿ ಗೆಲ್ಲಬಲ್ಲ ಪಕ್ಷೇತರನಿಗೆ ನಾಲ್ಕು ಪಟ್ಟು ದೊಡ್ಡ ಏರಿಯಾ, ಮತ್ತೆ ರೋಡಲ್ಲಿ ಗುಂಡಿ ಬಿದ್ರೆ ಯಾವ ನಗರಸೇವಕನನ್ನ, ಅಂದ್ರೆ ಕಾರ್ಪೊರೇಟರನ್ನ, ಕೇಳ್ಬೇಕು ಅಂತಾನೇ ಗೊತ್ತಾಗಲ್ಲ, ಅ ಬ ಕಡೆ ತೋರಿಸ್ತಾನೆ, ಬ ಡ ಕಡೆ ತೋರಿಸ್ತಾನೆ.

ಅದೇ ಪ್ರಭಾಗ, ಅದೇ ನಾಲ್ಕು ಸೀಟು, ಬಟನ್ ಬದಲು ನಂಬರ್ ಹಾಕಿ. ನಾಲ್ಕು ಸೀಟಾದ್ರೆ ಬಿದ್ದ ಒಟ್ಟು ವೋಟನ್ನ ಐದರಿಂದ ಭಾಗಿಸಿ ಒಂದು ಕೂಡಿಸ್ಬೇಕು, ಅಂದ್ರೆ ನೂರಕ್ಕೆ 20ಕ್ಕಿಂತ ಸ್ವಲ್ಪ ಜಾಸ್ತಿ ಇದ್ದವನು ಒಂದು ಸೀಟು ಗೆಲ್ತಾನೆ. ಮೀಸಲಾತಿ ಸೀಟುಗಳನ್ನ ಕೂರಿಸೋದು ಸ್ವಲ್ಪ ತೊಡಕು, ಆದ್ರೆ ಎಣಿಸುವಾಗ ಮೀಸಲು ಕ್ಯಾಂಡಿಡೇಟನ್ನ ಉಳಿಸ್ಕೊಳ್ಳೋ ನಿಯಮ ಮಾಡಬಹುದು.

ಹೋಟೆಲ್ ನಡೆಸೋ ಕುಂದಾಪುರದ ಒಬ್ರು ಕೇಳಿದ್ರು, "ಅದೆಲ್ಲ ಸಮ ಮಾರಾಯ್ರೆ, ಕನ್ನಡದವ್ರು ಒಂದು ಪ್ರಭಾಗದಲ್ಲಿ ನೂರಕ್ಕೆ ಐದು ಜನ ಇಲ್ಲ, ನಮಗೆಂತ ಬಂತು?" ಸರಿಯಾದ ಪ್ರಶ್ನೆ, ನಮ್ಮವರೇ ಒಬ್ರು ಗೆದ್ದುಬಿಡ್ತಾರೆ ಅಂತ ನಾನು ಸುಳ್ಳು ಹೇಳಲ್ಲ. ಐದಕ್ಕೆ ಸೀಟು ಬರಲ್ಲ. ಆದ್ರೆ 17ರಲ್ಲಿ ನಿಂತವನಿಗೆ 20 ಮುಟ್ಟೋಕೆ ನಿಮ್ಮ ಎರಡನೇ ನಂಬರ್ ಬೇಕು. ಈಗ ಅವನು ನಿಮ್ಮ ಹೋಟೆಲ್‌ಗೆ ಬರೋದು ಚಹಾ ಕುಡಿಯೋಕೆ ಮಾತ್ರ, ಆವಾಗ ಮೊದಲ ವೋಟು ನಿಮ್ಮ ಪಾರ್ಟಿಗೇ ಹಾಕಿ ಎರಡನೇದು ನಂಗೆ ಕೊಡಿ, ಕನ್ನಡ ಶಾಲೆಯ ಮೇಷ್ಟ್ರ ಪೋಸ್ಟ್ ತುಂಬಿಸ್ತೀನಿ ಅಂತ ಬರ್ತಾನೆ. ಇನ್ನೊಂದು, ಅವನ ಪಾರ್ಟಿ ಯಾರ ಜೊತೆ ಕೂರುತ್ತೆ ಅಂತ ಬ್ಯಾಲೆಟ್ ಮೇಲೆಯೇ ನೀವು ಹೇಳಬಹುದು, ಒಂದನ್ನ ಈ ಪಾರ್ಟಿಗೆ ಎರಡನ್ನ ಆ ಪಾರ್ಟಿಗೆ ಕೊಟ್ರೆ ಅದೇ ನೀವು ಒಪ್ಪಿದ ಮೈತ್ರಿ. ಅದನ್ನ ಮುರಿದವನಿಗೆ ಮುಂದಿನ ಸಲ ನಂಬರ್ ಇಲ್ಲ, ಅವನದೇ ಪಾರ್ಟಿಯ ಇನ್ನೊಬ್ಬನಿಗೆ ಹಾಕಿ, ಪಾರ್ಟಿಯನ್ನೇ ಬಿಡ್ಬೇಕಾಗಿಲ್ಲ. ಇದಕ್ಕೂ ಕೆಟ್ಟ ಮುಖ ಇದೆ, ಒಂದೇ ಪಾರ್ಟಿಯವರು ತಮ್ಮತಮ್ಮಲ್ಲೇ ಕಚ್ಚಾಡ್ತಾರೆ, ಶ್ರೀಲಂಕಾದಲ್ಲಿ ಪಟ್ಟಿಯೊಳಗಿನ ಕ್ಯಾಂಡಿಡೇಟ್‌ಗೆ ಮನಾಪ ಅಂತ ವೋಟು ಹಾಕೋ ಪದ್ಧತಿ ಇದೆ, ಅಲ್ಲಿ ಒಳಜಗಳ ಬೀದಿಗೇ ಬಂದಿದ್ದುಂಟು.

ಬಾಯಲ್ಲಿ ಹೇಳಿದ್ರೆ ಆಗಲ್ಲ ಅಂತ ಅಲ್ಲೇ ಒಂದು ಎಲೆಕ್ಷನ್ ಮಾಡಿದ್ವಿ. ಮುಂದಿನ ಕೂಟದ ಊಟಕ್ಕೆ ನಾಲ್ಕು ಐಟಮ್, ಕಣದಲ್ಲಿ ಏಳು. ರೊಟ್ಟಿ ಎಣ್ಣೆಗಾಯಿ, ಹೋಳಿಗೆ, ಗಿರ್ಮಿಟ್, ಮಾದ್ಲಿ, ನೀರುದೋಸೆ, ಪತ್ರೊಡೆ, ಬಿಸಿಬೇಳೆ ಬಾತ್. ವೋಟರು 46, ಅದರಲ್ಲಿ ಉತ್ತರ ಕರ್ನಾಟಕದವರು 26, ಕರಾವಳಿ 13, ಮೈಸೂರು ಕಡೆಯವರು 7. ಮೊದಲು ಪ್ರಭಾಗದ ಹಾಗೆ ನಾಲ್ಕು ಸಲ ಕೈ ಎತ್ತಿಸಿದೆ, ನಾಲ್ಕೂ ಸಲ ಆ 26 ಕೈ ಒಟ್ಟಿಗೆ ಮೇಲೆ ಹೋಯ್ತು, ರೊಟ್ಟಿ ಹೋಳಿಗೆ ಗಿರ್ಮಿಟ್ ಮಾದ್ಲಿ, ಕ್ಲೀನ್ ಸ್ವೀಪ್. ಕರಾವಳಿಯವರು ಸುಮ್ನೆ ಕೂತ್ರು.

ಆಮೇಲೆ ಚೀಟಿ ಹಂಚಿ ನಂಬರ್ ಬರೆಸಿದೆ. ಗೆಲ್ಲೋಕೆ 10 ಬೇಕು. ಮೊದಲ ನಂಬರಲ್ಲಿ ರೊಟ್ಟಿಗೆ 14, ಹೋಳಿಗೆಗೆ 8, ನೀರುದೋಸೆಗೆ 8, ಬಿಸಿಬೇಳೆಗೆ 7, ಪತ್ರೊಡೆಗೆ 5, ಗಿರ್ಮಿಟ್‌ಗೆ 3, ಮಾದ್ಲಿಗೆ 1. ರೊಟ್ಟಿ ಗೆಲ್ತು, ಮಿಕ್ಕ 4ರಲ್ಲಿ 3 ಹೋಳಿಗೆಗೆ, 1 ಗಿರ್ಮಿಟ್‌ಗೆ. ಹೋಳಿಗೆ 11 ಆಗಿ ಗೆಲ್ತು, ಅದರ ಮಿಕ್ಕ 1 ಗಿರ್ಮಿಟ್‌ಗೆ. ಮಾದ್ಲಿ ಔಟ್, ಅದರ ವೋಟೂ ಗಿರ್ಮಿಟ್‌ಗೆ, ಆಗ ಗಿರ್ಮಿಟ್ 6. ಪತ್ರೊಡೆ ಔಟ್, 4 ನೀರುದೋಸೆಗೆ 1 ಬಿಸಿಬೇಳೆಗೆ. ನೀರುದೋಸೆ 12, ಗೆಲ್ತು, ಮಿಕ್ಕ 2 ಬಿಸಿಬೇಳೆಗೆ ಹೋಗಿ ಅದು ಸರಿಯಾಗಿ 10. ಉತ್ತರದವರದ್ದು ಎರಡು, ಕರಾವಳಿ ಒಂದು, ಮೈಸೂರು ಒಂದು. ಏಳೇ ಜನ ಇದ್ದ ಮೈಸೂರಿನವರು ಕರಾವಳಿಯವರ ಎರಡನೇ ಮೂರನೇ ನಂಬರಿಂದ ಗೆದ್ರು. ನಂಗೆ ಒಳಗೊಳಗೇ ಬಹಳ ಖುಷಿ, ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದೆ.

ಅಷ್ಟರಲ್ಲಿ ಕೇಟರಿಂಗ್‌ನವರಿಗೆ ಫೋನ್ ಹೋಯ್ತು. ಆ ರೇಟಲ್ಲಿ ಮೂರೇ ಐಟಮ್ ಕೊಡ್ತೀನಿ ಅಂದ್ರು. ಕಮಿಟಿಯ ಮೂವರು ಪಕ್ಕದ ರೂಮಿಗೆ ಹೋಗಿ ಕದ ಹಾಕ್ಕೊಂಡ್ರು. ಹತ್ತು ನಿಮಿಷ ಆದಮೇಲೆ ಹೊರಗೆ ಬಂದು ಹೇಳಿದ್ದು, ಅಷ್ಟು ಜನಕ್ಕೆ ರೊಟ್ಟಿ ಬಡಿಯೋರು ಸಿಗಲ್ಲ ಅದಕ್ಕೆ ರೊಟ್ಟಿ ಕ್ಯಾನ್ಸಲ್, ಹೋಳಿಗೆ ನೀರುದೋಸೆ ಬಿಸಿಬೇಳೆ ಇರುತ್ತೆ, ಮತ್ತೆ ಸಂಜೆ ಚಹಾ ಜೊತೆ ಗಿರ್ಮಿಟ್, ಅದಕ್ಕೆ ಬೇರೆ ಚಾರ್ಜ್ ಇಲ್ವಂತೆ. ಎಲ್ಲರಿಗಿಂತ ಜಾಸ್ತಿ ವೋಟು ತಗೊಂಡಿದ್ದು ಹೊರಗೆ, ಸೋತಿದ್ದು ಒಳಗೆ. ಕಮಿಟಿಯ ಮೂವರಲ್ಲಿ ಇಬ್ರು ಹುಬ್ಬಳ್ಳಿಯವರು ಅನ್ನೋದು ಆಮೇಲೆ ಗೊತ್ತಾಯ್ತು.

ವಿಜಯಪುರದ ಹಿರಿಯರು ಏನೂ ಮಾತಾಡಲಿಲ್ಲ, ನನ್ನ ಕಡೆ ನೋಡಿ ಬರೀ ಹುಬ್ಬು ಹಾರಿಸಿದ್ರು. ಹಿಂದಿನ ಸಾಲಲ್ಲಿದ್ದ ಬಾಗಲಕೋಟೆಯ ಅಕ್ಕೋರು ಎದ್ದು ನಿಂತು, "ಮುಂದಿನ ಸಲ ಮೊದ್ಲ ಆ ರೂಮಿನೊಳಗ ಯಾರ್ಯಾರು ಹೋಗ್ತೀರಿ ಅನ್ನೋದು ಹೇಳ್ರಿ, ಆಮ್ಯಾಲ ನಾವು ಚೀಟಿ ಬರೀತೀವಿ" ಅಂದ್ರು. ಬೋರ್ಡ್ ಮೇಲೆ ನಾನು ಬರೆದಿದ್ದ ರೊಟ್ಟಿ 14 ಇನ್ನೂ ಹಂಗೇ ಇತ್ತು, ಅವರೇ ಬಂದು ಅಳಿಸಬೇಡ್ರಿ ಅಂತ ಡಸ್ಟರ್ ಕಸ್ಕೊಂಡು ಹೋದ್ರು.